ಫೋನಿಗೆ ಬರುವ ಚುನಾವಣಾ ಜಾಹೀರಾತು ಮತ್ತು ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಏಪ್ರಿಲ್‌ನ ಒಂದು ಸಂಜೆ ಅಮ್ಮನೂ ನಾನೂ ಒಂದೇ ಸೋಫಾದಲ್ಲಿ ಕೂತು ಫೋನ್ ನೋಡುತ್ತಿದ್ದೆವು. ಇಬ್ಬರಿಗೂ ಒಂದೇ ಪಕ್ಷದ ಜಾಹೀರಾತು ಬಂತು. ಅಮ್ಮನ ಫೋನಿನಲ್ಲಿ ಅಡುಗೆಮನೆ, ಸಿಲಿಂಡರ್, ಮನೆ ನಡೆಸುವವರ ಕಷ್ಟ. ನನ್ನ ಫೋನಿನಲ್ಲಿ ಫ್ಲೈಓವರ್, ಐಟಿ ಕೆಲಸ, ಟ್ರಾಫಿಕ್. "ಅಡುಗೆಮನೆ ವಿಷಯ ನಿನಗೆ ಯಾಕೆ ಬರಲಿಲ್ಲ? ನೀನೂ ಇದೇ ಮನೇಲಿ ತಾನೇ ಉಣ್ಣೋದು?" ಅಂತ ಅಮ್ಮ ನಕ್ಕರು. ನಕ್ಕು ಬಿಡುವ ಪ್ರಶ್ನೆಯಲ್ಲ ಅದು. ಯಾರಿಗೆ ಯಾವ ಮಾತು ಕಾಣಬೇಕು ಅಂತ ಯಾರು ತೀರ್ಮಾನಿಸುತ್ತಾರೆ? ಕಾನೂನು ಅದಕ್ಕೆ ಏನನ್ನುತ್ತದೆ? ಸ್ನೇಹಿತರು, ನೆಂಟರು ಆಗಾಗ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಟಾರ್ಗೆಟೆಡ್ ರಾಜಕೀಯ ಜಾಹೀರಾತು ಅಂದರೆ ಏನು? ಗೋಡೆ ಮೇಲಿನ ಪೋಸ್ಟರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಗೋಡೆಯ ಪೋಸ್ಟರ್ ಊರಿಗೆಲ್ಲ ಕಾಣುತ್ತದೆ. ಎದುರು ಪಕ್ಷದವನೂ ಓದುತ್ತಾನೆ, ಸುಳ್ಳಿದ್ದರೆ ಮಾರನೇ ದಿನ ಮೈಕ್ ಹಿಡಿದು ಜವಾಬು ಕೊಡುತ್ತಾನೆ. ಟಾರ್ಗೆಟೆಡ್ ಜಾಹೀರಾತು ಆಯ್ದವರ ಫೋನಿಗೆ ಮಾತ್ರ ಹೋಗುತ್ತದೆ. ಇಂಥ ಜಾಗದ ಸುತ್ತಮುತ್ತ ಇರುವವರು, ಇಷ್ಟು ವಯಸ್ಸಿನವರು, ಹೆಂಗಸರು ಮಾತ್ರ, ಕೃಷಿ ವಿಷಯ ನೋಡುವವರು, ಹೀಗೆ ಜರಡಿ ಹಿಡಿಯಬಹುದು. ಪಕ್ಷದ ಬಳಿ ಫೋನ್ ನಂಬರ್‌ಗಳ ಪಟ್ಟಿ ಇದ್ದರೆ ಅದನ್ನೇ ಏರಿಸಿ "ಇವರಿಗೆ ತೋರಿಸಿ" ಅನ್ನಬಹುದು. "ಇವರನ್ನೇ ಹೋಲುವ ಇನ್ನಷ್ಟು ಜನರನ್ನು ಹುಡುಕಿ" ಅಂತಲೂ ಕೇಳಬಹುದು.

ಜಾಹೀರಾತು ಕೊಟ್ಟವನು ಹಿಡಿಯುವ ಈ ಜರಡಿಯ ಕೆಳಗೆ ಇನ್ನೊಂದು ಜರಡಿ ಇದೆ. ಕಂಪನಿಯ ಯಂತ್ರ "ಇವರಲ್ಲಿ ಯಾರು ಕ್ಲಿಕ್ ಮಾಡಬಹುದು" ಅಂತ ಲೆಕ್ಕ ಹಾಕಿ ಮತ್ತೆ ಸೋಸುತ್ತದೆ. ಈ ಎರಡನೆಯದರಲ್ಲಿ ಏನಾಯಿತು ಅನ್ನೋದು ದುಡ್ಡು ಕೊಟ್ಟ ಪಕ್ಷಕ್ಕೂ ಪೂರ್ತಿ ತಿಳಿಯುವುದಿಲ್ಲ.

ಭಾರತದಲ್ಲಿ ಇದಕ್ಕೆ ಅಂತಲೇ ಒಂದು ಕಾನೂನು ಇದೆಯಾ?

ಇಲ್ಲ. ಇರುವುದೆಲ್ಲ ತೇಪೆ ಹಾಕಿದ ಬಟ್ಟೆ. 1951ರ ಜನಪ್ರಾತಿನಿಧ್ಯ ಕಾಯ್ದೆ ಒಂದು ತುಂಡು. ಚುನಾವಣಾ ಆಯೋಗದ ಸೂಚನೆಗಳು ಇನ್ನೊಂದು. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ, 2023ರ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಮತ್ತೆರಡು. ಇವುಗಳ ಜೊತೆ ಕಂಪನಿಗಳು ತಾವೇ ಬರೆದುಕೊಂಡ ನಿಯಮಗಳು.

ಈ ತುಂಡುಗಳನ್ನೆಲ್ಲ ಹರಡಿಕೊಂಡು ಕೂತರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಚುನಾವಣಾ ಕಾನೂನು ಮೂರು ಪ್ರಶ್ನೆ ಕೇಳುತ್ತದೆ: ಜಾಹೀರಾತಿನಲ್ಲಿ ಏನಿದೆ, ಯಾವಾಗ ಬಂತು, ಎಷ್ಟು ಖರ್ಚಾಯಿತು. "ಯಾರಿಗೆ ತೋರಿಸಿದಿರಿ, ಅವರನ್ನೇ ಯಾಕೆ ಆರಿಸಿದಿರಿ" ಅನ್ನುವ ನಾಲ್ಕನೇ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಟಾರ್ಗೆಟಿಂಗ್‌ನ ಜೀವ ಇರುವುದೇ ಆ ನಾಲ್ಕನೆಯದರಲ್ಲಿ.

ಪ್ರಚಾರದ ಜಾಹೀರಾತಿಗೆ ಮೊದಲೇ ಸರ್ಟಿಫಿಕೇಟ್ ತಗೋಬೇಕು ಅಂತಾರಲ್ಲ, ಅದು ಏನು?

ಇದರ ಬೇರು ಕೇಬಲ್ ಟಿವಿಯಲ್ಲಿದೆ. 1994ರ ಕೇಬಲ್ ಟಿವಿ ನಿಯಮಗಳ ಪ್ರಕಾರ ಟಿವಿಯಲ್ಲಿ ರಾಜಕೀಯ ಜಾಹೀರಾತಿಗೆ ಜಾಗವೇ ಇರಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. 2004ರ ಏಪ್ರಿಲ್ 13ರಂದು ಸುಪ್ರೀಂ ಕೋರ್ಟ್ ಒಂದು ದಾರಿ ತೋರಿಸಿತು: ಜಾಹೀರಾತು ಬರಲಿ, ಆದರೆ ಮೊದಲು ಅಧಿಕಾರಿಗಳ ಸಮಿತಿ ನೋಡಿ ಒಪ್ಪಲಿ. ಎರಡೇ ದಿನದಲ್ಲಿ ಆಯೋಗ ಆದೇಶ ಹೊರಡಿಸಿತು. ಈಗ ಈ ಕೆಲಸ ಮಾಡುವುದು ಜಿಲ್ಲೆ ಮತ್ತು ರಾಜ್ಯ ಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿಗಳು. ಎಲ್ಲರೂ ಕರೆಯುವುದು ಎಂಸಿಎಂಸಿ ಅಂತ.

2013ರ ಅಕ್ಟೋಬರ್ 25ರಂದು ಆಯೋಗ ಇನ್ನೊಂದು ಸೂಚನೆ ಕೊಟ್ಟು, ಸೋಶಿಯಲ್ ಮೀಡಿಯಾ ಕೂಡ ಎಲೆಕ್ಟ್ರಾನಿಕ್ ಮಾಧ್ಯಮವೇ, ಅಲ್ಲಿನ ಜಾಹೀರಾತಿಗೂ ಇದೇ ನಿಯಮ ಅಂದಿತು. ಅಭ್ಯರ್ಥಿಗಳು ನಾಮಪತ್ರದ ಜೊತೆಗಿನ ಅಫಿಡವಿಟ್‌ನಲ್ಲಿ ತಮ್ಮ ಸೋಶಿಯಲ್ ಮೀಡಿಯಾ ಖಾತೆಗಳ ವಿವರ ಕೊಡಬೇಕಾಗಿ ಬಂದದ್ದೂ ಆಗಲೇ. ಬಲ್ಕ್ ಎಸ್ಸೆಮ್ಮೆಸ್, ವಾಯ್ಸ್ ಮೆಸೇಜ್, ಇ-ಪೇಪರ್ ಜಾಹೀರಾತು ಕೂಡ ಇದೇ ಬುಟ್ಟಿಗೆ ಬರುತ್ತವೆ.

ಕಾಗದದ ಪತ್ರಿಕೆಗೆ ಮಾತ್ರ ರಿಯಾಯಿತಿ. ಅಲ್ಲಿ ಮತದಾನದ ದಿನ ಮತ್ತು ಅದರ ಹಿಂದಿನ ದಿನದ ಜಾಹೀರಾತಿಗಷ್ಟೇ ಮೊದಲೇ ಒಪ್ಪಿಗೆ ಬೇಕು. 2023ರ ಮೇ 10ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಮೇ 9 ಮತ್ತು 10ಕ್ಕೆ ಈ ನಿಯಮ ಇತ್ತು.

ಆ ಅರ್ಜಿಯಲ್ಲಿ ಏನೇನು ಬರೆಯಬೇಕು?

ಜಾಹೀರಾತಿನ ಎರಡು ಪ್ರತಿ. ಅದರಲ್ಲಿ ಆಡಿದ ಮಾತುಗಳ ಲಿಖಿತ ರೂಪ, ಸಹಿ ದೃಢೀಕರಣದೊಂದಿಗೆ. ತಯಾರಿಸಲು ಎಷ್ಟಾಯಿತು, ಪ್ರಸಾರಕ್ಕೆ ಎಷ್ಟಾಗುತ್ತದೆ, ಎಷ್ಟು ಸಲ ಬರುತ್ತದೆ, ಯಾರ ಲಾಭಕ್ಕಾಗಿ. ಹಣ ಚೆಕ್ ಅಥವಾ ಡಿಡಿಯಲ್ಲೇ ಕೊಡುತ್ತೇವೆ ಅನ್ನುವ ಹೇಳಿಕೆ. ಪಕ್ಷವೋ ಅಭ್ಯರ್ಥಿಯೋ ಆದರೆ ಪ್ರಸಾರಕ್ಕೆ 3 ದಿನ ಮೊದಲು, ಬೇರೆಯವರಾದರೆ 7 ದಿನ ಮೊದಲು ಕೊಡಬೇಕು.

ಸಾಲುಗಳನ್ನು ಓದುತ್ತಾ ಹೋದರೆ ಟಿವಿ ಕಾಲದ ವಾಸನೆ ಬರುತ್ತದೆ, ಅಲ್ವಾ? ಟಿವಿಯಲ್ಲಿ ಒಂದು ಜಾಹೀರಾತು ಎಲ್ಲರಿಗೂ ಒಂದೇ. ಅದಕ್ಕೇ 2004ರ ನಮೂನೆಯಲ್ಲಿ "ಯಾರಿಗೆ" ಅನ್ನುವ ಕಾಲಂ ಬೇಕಾಗಲಿಲ್ಲ. ಅದೇ ಅಂಗಿಯನ್ನು ಇಂಟರ್ನೆಟ್‌ಗೆ ತೊಡಿಸಿದ್ದೇವೆ. ಸಮಿತಿ ಒಂದು ವಿಡಿಯೊ ನೋಡಿ ಒಪ್ಪಿಗೆ ಕೊಡುತ್ತದೆ. ಆ ವಿಡಿಯೊ ಒಂದು ಬಡಾವಣೆಯ 22 ವರ್ಷದವರಿಗೆ ಮಾತ್ರ ಹೋಗುತ್ತದೋ, ಇಡೀ ಕ್ಷೇತ್ರಕ್ಕೆ ಹೋಗುತ್ತದೋ, ಅದು ಸಮಿತಿಯ ಮುಂದೆ ಬರುವುದೇ ಇಲ್ಲ.

ನನ್ನ ಫೇಸ್‌ಬುಕ್ ಗೋಡೆಯಲ್ಲಿ ಒಬ್ಬ ಅಭ್ಯರ್ಥಿಯ ಪರ ಬರೆದರೆ ಸರ್ಟಿಫಿಕೇಟ್ ಬೇಕಾ?

ಬೇಡ. ಸ್ವಂತ ಖಾತೆಯಲ್ಲಿ ಹಾಕುವ ಬರಹ, ಫೋಟೊ, ವಿಡಿಯೊ ಜಾಹೀರಾತಲ್ಲ ಅಂತ ಆಯೋಗ ಸ್ಪಷ್ಟ ಮಾಡಿದೆ. ಪಕ್ಷವೇ ತನ್ನ ಪೇಜಿನಲ್ಲಿ ಹಾಕಿದರೂ ಅಷ್ಟೇ.

ಆದರೆ ಆ ಪೋಸ್ಟ್ ಕೆಳಗೆ ಬೂಸ್ಟ್ ಅನ್ನುವ ಬಟನ್ ಇರುತ್ತದಲ್ಲ, ಅದನ್ನು ಒತ್ತಿ 500 ರೂಪಾಯಿ ಹಾಕಿದಿರಿ ಅಂದುಕೊಳ್ಳಿ. ಅಲ್ಲಿಗೆ ಅದು ಜಾಹೀರಾತು. ಮಾತು ಅದೇ, ಫೋಟೊ ಅದೇ, ದುಡ್ಡು ಬಿತ್ತು ಅನ್ನುವುದೊಂದೇ ಬದಲಾವಣೆ. ಹುಡುಗರು "ಸುಮ್ನೆ ಬೂಸ್ಟ್ ಮಾಡ್ದೆ ಅಣ್ಣ" ಅಂತ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಜಾಹೀರಾತಲ್ಲ ಅಂದ ಮಾತ್ರಕ್ಕೆ ಏನು ಬೇಕಾದರೂ ಹಾಕಬಹುದು ಅಂತಲ್ಲ. 2024ರ ಮೇನಲ್ಲಿ ಬಿಜೆಪಿ ಕರ್ನಾಟಕ ಘಟಕದ ಖಾತೆಯಲ್ಲಿ ಬಂದ ಒಂದು ಆ್ಯನಿಮೇಷನ್ ವಿಡಿಯೊವನ್ನು ತೆಗೆಯುವಂತೆ ಆಯೋಗ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಗೆ ಸೂಚಿಸಿತು. ಅದು ದುಡ್ಡು ಕೊಟ್ಟ ಜಾಹೀರಾತಲ್ಲ, ಬರೀ ಪೋಸ್ಟ್. ಸೂಚನೆ ಹೋದದ್ದು ಮೇ 7ರಂದು, ರಾಜ್ಯದ ಎರಡನೇ ಹಂತದ ಮತದಾನದ ದಿನವೇ.

ದುಡ್ಡು ತಗೊಂಡು ರೀಲ್ಸ್ ಮಾಡುವ ಇನ್‌ಫ್ಲೂಯೆನ್ಸರ್‌ಗಳ ಕಥೆ?

ದುಡ್ಡು ಕೈ ಬದಲಾದರೆ ಅದು ಪ್ರಚಾರದ ಖರ್ಚೇ, ಲೆಕ್ಕಕ್ಕೆ ಬರಬೇಕು. ಆದರೆ ಅದನ್ನು ಸಾಬೀತು ಮಾಡುವವರು ಯಾರು? ಬೂಸ್ಟ್ ಮಾಡಿದರೆ ಕಂಪನಿಯ ಪುಸ್ತಕದಲ್ಲಿ ಗುರುತು ಉಳಿಯುತ್ತದೆ. ಅಣ್ಣನ ಜೊತೆ ಕಾಫಿ ಕುಡಿದು ಹೊಗಳಿದರೆ ಉಳಿಯುವುದಿಲ್ಲ. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಮಂಡಳಿ ಎಎಸ್‌ಸಿಐ ಕೂಡ ರಾಜಕೀಯ ಜಾಹೀರಾತನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಸೋಪಿನ ಜಾಹೀರಾತು ಸುಳ್ಳು ಹೇಳಿದರೆ ಅಲ್ಲಿ ದೂರು ಕೊಡಬಹುದು, ಪಕ್ಷದ್ದಾದರೆ ಇಲ್ಲ.

ಕೊನೆಯ 48 ಗಂಟೆ ಆನ್‌ಲೈನ್ ಪ್ರಚಾರ ನಿಲ್ಲಬೇಕು ತಾನೇ?

ನಿಲ್ಲಬೇಕು. ಜನಪ್ರಾತಿನಿಧ್ಯ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಮತದಾನ ಮುಗಿಯುವ ಗಂಟೆಗೆ ಹಿಂದಿನ 48 ಗಂಟೆ ಬಹಿರಂಗ ಪ್ರಚಾರಕ್ಕೆ ತೆರೆ. ಮುರಿದರೆ 2 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಆದರೆ ಕಾಯ್ದೆಯ ಪದ ನೋಡಿ: ಸಿನಿಮಾ, ಟಿವಿ "ಅಥವಾ ಅಂಥದೇ ಉಪಕರಣ". ಫೋನನ್ನು ಈ "ಅಂಥದೇ" ಅನ್ನುವ ಪದದೊಳಗೆ ತುರುಕಬೇಕು. ಪತ್ರಿಕೆಯ ಮಾತಂತೂ ಅಲ್ಲಿಲ್ಲ. ಈ ಸೆಕ್ಷನ್ ತಿದ್ದಬೇಕು ಅಂತ ಉಪ ಚುನಾವಣಾ ಆಯುಕ್ತ ಉಮೇಶ್ ಸಿನ್ಹಾ ಅವರ ಸಮಿತಿ 2019ರ ಜನವರಿಯಲ್ಲಿ ವರದಿ ಕೊಟ್ಟಿತು.

ಅದೇ ವರ್ಷದ ಮಾರ್ಚ್ 20ರಂದು ಇಂಟರ್ನೆಟ್ ಕಂಪನಿಗಳ ಒಕ್ಕೂಟ ಆಯೋಗಕ್ಕೆ ಸ್ವಯಂಪ್ರೇರಿತ ನೀತಿ ಸಂಹಿತೆಯೊಂದನ್ನು ಒಪ್ಪಿಸಿತು. ಫೇಸ್‌ಬುಕ್, ವಾಟ್ಸಾಪ್, ಟ್ವಿಟರ್, ಗೂಗಲ್, ಶೇರ್‌ಚಾಟ್, ಟಿಕ್‌ಟಾಕ್ ಅದರಲ್ಲಿದ್ದವು. 126ನೇ ಸೆಕ್ಷನ್ ಮುರಿದ ಬಗ್ಗೆ ಆಯೋಗದ ಸೂಚನೆ ಬಂದರೆ 3 ಗಂಟೆಯೊಳಗೆ ಕ್ರಮ ಅನ್ನುವುದು ಅದರ ಮುಖ್ಯ ಮಾತು. ನಂತರದ ಚುನಾವಣೆಗಳಲ್ಲೂ ಇದು ಮುಂದುವರಿದಿದೆ. ಸ್ವಯಂಪ್ರೇರಿತ ಅನ್ನುವ ಪದವನ್ನು ಮರೆಯಬೇಡಿ. ಇದು ಕಾಯ್ದೆಯಲ್ಲ, ಮಾತು ಕೊಟ್ಟಿರುವುದು ಅಷ್ಟೇ.

ಇಲ್ಲಿ ಒಂದು ತಮಾಷೆ ಇದೆ. 2024ರಲ್ಲಿ ನಮ್ಮ ರಾಜ್ಯದ 14 ಕ್ಷೇತ್ರ ಏಪ್ರಿಲ್ 26ಕ್ಕೆ, ಉಳಿದ 14 ಮೇ 7ಕ್ಕೆ ಮತ ಹಾಕಿದವು. ಚಿತ್ರದುರ್ಗದಲ್ಲಿ ಮೌನ, ಪಕ್ಕದ ದಾವಣಗೆರೆಯಲ್ಲಿ ಪ್ರಚಾರದ ಅಬ್ಬರ. ಟಿವಿ ಚಾನೆಲ್ ದಾವಣಗೆರೆಯ ರ‍್ಯಾಲಿ ತೋರಿಸಿದರೆ ಚಿತ್ರದುರ್ಗದವನಿಗೂ ಕಾಣುತ್ತದೆ. ಆನ್‌ಲೈನ್ ಜಾಹೀರಾತಿಗೆ ಆ ತೊಂದರೆ ಇಲ್ಲ. ಬೇಕೆಂದರೆ ಚಿತ್ರದುರ್ಗವನ್ನು ಮಾತ್ರ ಪಟ್ಟಿಯಿಂದ ಬಿಡಬಹುದು. ನಾವು ಬೈಯುವ ಟಾರ್ಗೆಟಿಂಗ್ ಇಲ್ಲಿ ಕಾನೂನು ಪಾಲಿಸಲು ಇರುವ ಒಳ್ಳೆಯ ಸಾಧನ. ಜಾಹೀರಾತು ಕೊಡುವವರಿಗೆ ಮನಸ್ಸಿರಬೇಕು ಅಷ್ಟೇ.

ಖರ್ಚಿನ ಮಿತಿ ಆನ್‌ಲೈನ್‌ಗೂ ಅನ್ವಯಿಸುತ್ತಾ?

ಹೌದು. 2022ರಿಂದ ಕರ್ನಾಟಕದಲ್ಲಿ ಲೋಕಸಭಾ ಅಭ್ಯರ್ಥಿಗೆ 95 ಲಕ್ಷ, ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ ರೂಪಾಯಿ ಮಿತಿ. ಕಂಪನಿಗೆ ಕಟ್ಟಿದ ಜಾಹೀರಾತು ಹಣ, ವಿಡಿಯೊ ಮಾಡಿದವರಿಗೆ ಕೊಟ್ಟದ್ದು, ಖಾತೆ ನೋಡಿಕೊಳ್ಳುವ ಹುಡುಗರ ಸಂಬಳ, ಎಲ್ಲ ಸೇರಬೇಕು. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು.

ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಅಭ್ಯರ್ಥಿಯ ಹೆಸರು ಹಾಕದೆ ಪಕ್ಷದ ಚಿಹ್ನೆ, ನಾಯಕರ ಮುಖ ತೋರಿಸಿ ಎಷ್ಟು ಬೇಕಾದರೂ ಸುರಿಯಬಹುದು. ಹಾಗಾಗಿ ಮೇಲಿನ ಮಿತಿಗಳನ್ನು ನೋಡಿ ತುಂಬಾ ಖುಷಿಪಡಬೇಡಿ.

ಪಕ್ಷದ ಹೆಸರೂ ಇಲ್ಲದ, ಅಭ್ಯರ್ಥಿಯ ಹೆಸರೂ ಇಲ್ಲದ ಪೇಜ್‌ಗಳು ಜಾಹೀರಾತು ಕೊಡುತ್ತವಲ್ಲ?

ಅತಿ ದೊಡ್ಡ ತೂತು ಇದೇ. ಬೇನಾಮಿ ಜಾಹೀರಾತು ಅನ್ನಬಹುದು. ಹೆಸರು ನೋಡಿದರೆ ಯಾವುದೋ ಊರಿನ ಅಭಿಮಾನದ ಪೇಜ್, ಕಾಮಿಡಿ ಪೇಜ್. ಚುನಾವಣೆ ಹತ್ತಿರ ಬಂದಾಗ ದಿಢೀರನೆ ಒಂದೇ ಪಕ್ಷವನ್ನು ಹೊಗಳುತ್ತದೆ ಅಥವಾ ತೆಗಳುತ್ತದೆ.

ಕಾಗದದ ಕರಪತ್ರಕ್ಕೆ ಈ ಆಟ ನಡೆಯುವುದಿಲ್ಲ. ಮನೆಯಲ್ಲಿ ಹಳೇ ಚುನಾವಣಾ ಕರಪತ್ರ ಇದ್ದರೆ ತೆಗೆದು ಕೆಳ ಅಂಚು ನೋಡಿ. ಚಿಕ್ಕ ಅಕ್ಷರದಲ್ಲಿ ಮುದ್ರಕರ ಹೆಸರು, ಪ್ರಕಾಶಕರ ಹೆಸರು, ವಿಳಾಸ ಇರುತ್ತದೆ. ಜನಪ್ರಾತಿನಿಧ್ಯ ಕಾಯ್ದೆಯ ಸೆಕ್ಷನ್ 127ಎ ಅದನ್ನು ಕಡ್ಡಾಯ ಮಾಡಿದೆ. ತಪ್ಪಿದರೆ 6 ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪ್ರೆಸ್‌ನವನು ಸುಮ್ಮನೆ ಅಚ್ಚು ಹಾಕುವ ಹಾಗಿಲ್ಲ, ಪ್ರಕಾಶಕನಿಂದ ಸಹಿ ಮಾಡಿದ ಘೋಷಣೆ ತಗೊಂಡು, ಮುದ್ರಿಸಿದ್ದರ ಪ್ರತಿಯೊಂದಿಗೆ ಅಧಿಕಾರಿಗೆ ಕಳಿಸಬೇಕು. ಆನ್‌ಲೈನ್ ಜಾಹೀರಾತಿಗೆ ಇಂಥ ಒಂದು ಸಾಲು ಕಾಯ್ದೆಯಲ್ಲಿ ಇಲ್ಲ. ಬ್ರಿಟನ್ 2022ರ ಚುನಾವಣಾ ಕಾಯ್ದೆಯಲ್ಲಿ ಡಿಜಿಟಲ್ ಪ್ರಚಾರಕ್ಕೂ ಪ್ರಕಾಶಕರ ಹೆಸರು ಬೇಕು ಅಂತ ಸೇರಿಸಿಕೊಂಡಿತು, 2023ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ.

ನಮ್ಮಲ್ಲಿ ಹಿಡಿಯಲು ಇರುವ ಒಂದು ಹಗ್ಗ ಭಾರತೀಯ ನ್ಯಾಯ ಸಂಹಿತೆಯ 176ನೇ ಸೆಕ್ಷನ್. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವನ ಪರ ಖರ್ಚು ಮಾಡುವುದು ಅಪರಾಧ. ದಂಡ 10,000 ರೂಪಾಯಿವರೆಗೆ. ಹಳೆಯ ಐಪಿಸಿಯಲ್ಲಿ 500 ಇತ್ತು. 10 ರೂಪಾಯಿ ಮೀರದ ಖರ್ಚಿಗೆ 10 ದಿನದೊಳಗೆ ಒಪ್ಪಿಗೆ ತಂದರೆ ಸಾಕು ಅನ್ನುವ ವಿನಾಯಿತಿ ಮಾತ್ರ ಹಾಗೇ ಉಳಿದಿದೆ. 10 ರೂಪಾಯಿಗೆ ಈಗ ಬೈಟು ಕಾಫಿಯಲ್ಲಿ ನಿಮ್ಮ ಪಾಲೂ ಬರುವುದಿಲ್ಲ.

ಈ ಜಾಹೀರಾತಿಗೆ ಯಾರು ದುಡ್ಡು ಕೊಟ್ಟರು ಅಂತ ನಾನು ನೋಡಬಹುದಾ?

ನೋಡಬಹುದು. ಇದು ಕಾನೂನಿನ ಕೃಪೆಗಿಂತ ಕಂಪನಿಗಳ ನೀತಿಯ ಕೃಪೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತುಗಳು ಮೆಟಾದ ಆ್ಯಡ್ ಲೈಬ್ರರಿಯಲ್ಲಿ ಸಿಗುತ್ತವೆ, ಗೂಗಲ್ ಮತ್ತು ಯೂಟ್ಯೂಬ್‌ನವು ಗೂಗಲ್‌ನ ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್‌ನಲ್ಲಿ. ಎರಡೂ ಭಾರತದಲ್ಲಿ 2019ರ ಫೆಬ್ರವರಿಯಿಂದ ಈ ವ್ಯವಸ್ಥೆ ಶುರು ಮಾಡಿದವು. ಲಾಗಿನ್ ಬೇಡ, ಯಾರು ಬೇಕಾದರೂ ನೋಡಬಹುದು.

ಒಮ್ಮೆ ಮಾಡಿ ನೋಡಿ. ಆ್ಯಡ್ ಲೈಬ್ರರಿ ತೆರೆದು ದೇಶ ಭಾರತ, ವಿಭಾಗ ರಾಜಕೀಯ ಅಂತ ಆರಿಸಿ ನಿಮ್ಮ ಶಾಸಕರ ಹೆಸರು ಹಾಕಿ. ಒಂದೊಂದು ಜಾಹೀರಾತಿನ ಮೇಲೆ ಹಣ ಕೊಟ್ಟವರ ಹೆಸರು, ಶುರುವಾದ ದಿನ, ಖರ್ಚು ಇಷ್ಟರಿಂದ ಇಷ್ಟರೊಳಗೆ ಅನ್ನುವ ಅಂದಾಜು, ಎಷ್ಟು ಸಲ ಕಂಡಿತು ಅನ್ನುವ ಅಂದಾಜು ಇರುತ್ತದೆ. ಒಳಗೆ ಹೋದರೆ ಗಂಡಸರೆಷ್ಟು, ಹೆಂಗಸರೆಷ್ಟು, ಯಾವ ವಯಸ್ಸು, ಯಾವ ರಾಜ್ಯ ಅನ್ನುವ ಪಟ್ಟಿ. ನಾನು ಹೀಗೆ ಒಂದು ಜಾಹೀರಾತು ತೆರೆದಾಗ ಹೆಂಗಸರ ಕಡೆ ಗೀಟೇ ಕಾಣಲಿಲ್ಲ. ಪೂರ್ತಿ ಗಂಡಸರಿಗೇ ತೋರಿಸಿದ್ದರು. ಯಾಕೆ ಅಂತ ಬರೆದಿರಲಿಲ್ಲ.

ಗೂಗಲ್ ಕಡೆ ಜಾಹೀರಾತು ಕೊಟ್ಟವರು ಆರಿಸಿದ ವಯಸ್ಸು, ಲಿಂಗ, ಜಾಗವೂ ಸಿಗುತ್ತದೆ. 2020ರ ಜನವರಿಯಿಂದ ಗೂಗಲ್ ಚುನಾವಣಾ ಜಾಹೀರಾತಿಗೆ ವಯಸ್ಸು, ಲಿಂಗ, ಪಿನ್‌ಕೋಡ್ ಮಟ್ಟದ ಜಾಗ, ಜೊತೆಗೆ ಯಾವ ವಿಷಯದ ಪುಟದಲ್ಲಿ ಬರಬೇಕು ಅನ್ನುವುದು, ಇಷ್ಟಕ್ಕೇ ಮಿತಿ ಹಾಕಿದೆ. ಮೆಟಾ 2022ರ ಜನವರಿಯಲ್ಲಿ ಧರ್ಮ, ರಾಜಕೀಯ ಒಲವಿನಂಥ ಸೂಕ್ಷ್ಮ ವಿಷಯಗಳ ಆಯ್ಕೆಗಳನ್ನು ತೆಗೆದುಹಾಕಿತು.

ಇಲ್ಲೊಂದು ಎಚ್ಚರಿಕೆ. ಕಂಪನಿಯ ನೀತಿ ಮಾಲೀಕನ ಮನಸ್ಸಿನ ಹಾಗೆ. ಟ್ವಿಟರ್ 2019ರ ನವೆಂಬರ್‌ನಲ್ಲಿ ರಾಜಕೀಯ ಜಾಹೀರಾತನ್ನು ಜಗತ್ತಿನಾದ್ಯಂತ ನಿಲ್ಲಿಸಿತು. ಮಾಲೀಕರು ಬದಲಾದರು, 2023ರಲ್ಲಿ ಆ ನಿರ್ಬಂಧ ಸಡಿಲವಾಯಿತು.

ಯುರೋಪಿನಲ್ಲಿ ಹೊಸ ಕಾನೂನು ಬಂದಿದೆ ಅಂತಾರೆ. ಅದರಲ್ಲಿ ಏನು ವಿಶೇಷ?

ನಾಲ್ಕನೇ ಪ್ರಶ್ನೆಯನ್ನು ಕೇಳುವುದೇ ಅದರ ವಿಶೇಷ. ರಾಜಕೀಯ ಜಾಹೀರಾತಿನ ಪಾರದರ್ಶಕತೆ ಮತ್ತು ಟಾರ್ಗೆಟಿಂಗ್ ಕುರಿತ 2024/900 ಸಂಖ್ಯೆಯ ನಿಯಮ ಅದು. 2024ರ ಮಾರ್ಚ್‌ನಲ್ಲಿ ಅಂಗೀಕಾರವಾಗಿ 2025ರ ಅಕ್ಟೋಬರ್ 10ರಿಂದ ಪೂರ್ತಿ ಜಾರಿಗೆ ಬಂತು. ಯುರೋಪಿಯನ್ ಒಕ್ಕೂಟದ ಎಲ್ಲ 27 ದೇಶಗಳಿಗೂ ಅನ್ವಯ.

ಅದರ ಪ್ರಕಾರ ಪ್ರತಿ ರಾಜಕೀಯ ಜಾಹೀರಾತಿನ ಮೇಲೂ ಇದು ರಾಜಕೀಯ ಜಾಹೀರಾತು ಅಂತ ಬರೆಯಬೇಕು. ಹಣ ಯಾರದು, ಎಷ್ಟು, ಯಾವ ಚುನಾವಣೆಗೆ ಸಂಬಂಧ, ಟಾರ್ಗೆಟ್ ಮಾಡಲಾಗಿದೆಯಾ, ಹೇಗೆ, ಎಲ್ಲ ಒಂದು ವಿವರಪತ್ರದಲ್ಲಿ ಸಿಗಬೇಕು. ಅದನ್ನು 7 ವರ್ಷ ಉಳಿಸಬೇಕು.

ಟಾರ್ಗೆಟಿಂಗ್ ಬಗ್ಗೆ ಇನ್ನೂ ಬಿಗಿ. ನಿಮ್ಮ ಡೇಟಾವನ್ನು ನಿಮ್ಮಿಂದಲೇ ಪಡೆದಿರಬೇಕು, ಯಾವುದೋ ಅಂಗಡಿಯಿಂದ ಕೊಂಡದ್ದು ಆಗುವುದಿಲ್ಲ. ರಾಜಕೀಯ ಜಾಹೀರಾತಿಗೆ ಬಳಸುತ್ತೇವೆ ಅಂತಲೇ ಪ್ರತ್ಯೇಕವಾಗಿ ಕೇಳಿ ನೀವು ಸ್ಪಷ್ಟವಾಗಿ ಒಪ್ಪಿರಬೇಕು. ಹತ್ತು ಪುಟದ ಷರತ್ತುಗಳ ಕೊನೆಗೆ ಒತ್ತಿದ ಓಕೆ ಸಾಲದು. ಧರ್ಮ, ಜನಾಂಗ, ಆರೋಗ್ಯ, ರಾಜಕೀಯ ಅಭಿಪ್ರಾಯದಂಥ ಮಾಹಿತಿ ಇಟ್ಟುಕೊಂಡು ಜನರನ್ನು ವಿಂಗಡಿಸುವುದು ನಿಷಿದ್ಧ. ಮತದಾನದ ವಯಸ್ಸಿಗೆ ಇನ್ನೂ ಒಂದು ವರ್ಷವಾದರೂ ಕಡಿಮೆ ಇದೆ ಅಂತ ಗೊತ್ತಿರುವವರ ಡೇಟಾ ಬಳಸುವಂತಿಲ್ಲ. ಚುನಾವಣೆಗೆ ಮೂರು ತಿಂಗಳಿರುವಾಗ ಒಕ್ಕೂಟದ ಹೊರಗಿನವರು ಜಾಹೀರಾತಿಗೆ ಹಣ ಹಾಕುವಂತಿಲ್ಲ. ತಪ್ಪಿದರೆ ವಾರ್ಷಿಕ ವಹಿವಾಟಿನ ಶೇ 6ರವರೆಗೆ ದಂಡ.

ನಮ್ಮ 2,000 ರೂಪಾಯಿಯನ್ನು ಇದರ ಪಕ್ಕ ಇಟ್ಟು ನೋಡಿ.

ಹಾಗಾದರೆ ಯುರೋಪಿನ ಸಮಸ್ಯೆ ಬಗೆಹರಿಯಿತಾ?

ಕಂಪನಿಗಳು "ನಮಗೆ ಈ ವ್ಯಾಪಾರವೇ ಬೇಡ" ಅಂದುಬಿಟ್ಟವು. 2024ರ ನವೆಂಬರ್‌ನಲ್ಲಿ ಗೂಗಲ್, 2025ರ ಜುಲೈಯಲ್ಲಿ ಮೆಟಾ, ಯುರೋಪಿಯನ್ ಒಕ್ಕೂಟದಲ್ಲಿ ರಾಜಕೀಯ ಜಾಹೀರಾತು ನಿಲ್ಲಿಸುತ್ತೇವೆ ಅಂತ ಪ್ರಕಟಿಸಿದವು. ನಿಯಮ ಪಾಲಿಸುವುದು ಕಷ್ಟ, ಅಸ್ಪಷ್ಟ ಅನ್ನುವುದು ಅವರ ವಾದ.

ನನಗೆ ಇದರಲ್ಲಿ ಎರಡೂ ಕಡೆ ಮನಸ್ಸು ಹೋಗುತ್ತದೆ. ಗುಟ್ಟಾಗಿ ಜನರನ್ನು ಸೋಸುವುದು ನಿಂತಿತಲ್ಲ ಅನ್ನುವ ಸಮಾಧಾನ ಒಂದು ಕಡೆ. ಇನ್ನೊಂದು ಕಡೆ, ದೊಡ್ಡ ಪಕ್ಷಕ್ಕೆ ಲಕ್ಷಗಟ್ಟಲೆ ಫಾಲೋವರ್‌ಗಳು ಮೊದಲೇ ಇದ್ದಾರೆ. ಹೊಸದಾಗಿ ನಿಂತ ಪಕ್ಷೇತರನಿಗೆ, ಸಣ್ಣ ಸಂಘಟನೆಗೆ ಕಡಿಮೆ ದುಡ್ಡಿನಲ್ಲಿ ತನ್ನ ವಾರ್ಡಿನ ಜನರನ್ನು ತಲುಪಲು ಇದ್ದ ದಾರಿ ಮುಚ್ಚಿತು. ಜಾಹೀರಾತು ಇಲ್ಲ ಅಂದರೆ ಪ್ರಭಾವ ಇಲ್ಲ ಅಂತಲೂ ಅಲ್ಲ. ಟಿಕ್‌ಟಾಕ್ ರಾಜಕೀಯ ಜಾಹೀರಾತನ್ನು ಒಪ್ಪುವುದೇ ಇಲ್ಲ. ಆದರೂ ರೊಮೇನಿಯಾದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತನ್ನು ಅಲ್ಲಿನ ಸಾಂವಿಧಾನಿಕ ಕೋರ್ಟ್ 2024ರ ಡಿಸೆಂಬರ್ 6ರಂದು ರದ್ದು ಮಾಡಿದ್ದರ ಹಿಂದೆ ಟಿಕ್‌ಟಾಕ್‌ನಲ್ಲಿ ನಡೆದ ಸಂಘಟಿತ ಪ್ರಚಾರದ ಗುಪ್ತಚರ ವರದಿಗಳಿದ್ದವು.

ಪಕ್ಷದವರಿಗೆ ನನ್ನ ಫೋನ್ ನಂಬರ್ ಹೇಗೆ ಸಿಕ್ಕಿತು?

ಪ್ರಕಟವಾದ ಮತದಾರರ ಪಟ್ಟಿಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಆದರೆ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಲಿಂಗ, ಮನೆ ನಂಬರ್ ಇರುತ್ತದೆ. ನಮ್ಮಲ್ಲಿ ಹೆಸರು ನೋಡಿ ಜಾತಿ ಊಹಿಸುವವರಿಗೆ ಕೊರತೆಯಿಲ್ಲ. ಇನ್ನು ಬೇಕಾಗಿರುವುದು ನಂಬರ್ ಮಾತ್ರ. ಮಿಸ್ಡ್ ಕಾಲ್ ಸದಸ್ಯತ್ವ, ಆರೋಗ್ಯ ಶಿಬಿರದ ರಿಜಿಸ್ಟರ್, ಅಂಗಡಿಯಲ್ಲಿ ಬಿಲ್ ಮಾಡುವಾಗ ಹೇಳಿದ ನಂಬರ್, ಎಲ್ಲ ಎಲ್ಲೋ ಒಂದು ಎಕ್ಸೆಲ್ ಫೈಲಿಗೆ ಹೋಗಿ ಸೇರಬಹುದು.

ಬೆಂಗಳೂರಿನವರಿಗೆ 2022ರ ನವೆಂಬರ್ ನೆನಪಿರಬಹುದು. ಮತದಾರರ ಜಾಗೃತಿ ಹೆಸರಿನಲ್ಲಿ ಒಂದು ಸರ್ಕಾರೇತರ ಸಂಸ್ಥೆಯ ಕಾರ್ಯಕರ್ತರು ಮತಗಟ್ಟೆ ಅಧಿಕಾರಿಗಳ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಯಿಂದ ಮಾಹಿತಿ ಸಂಗ್ರಹಿಸಿದರು ಅನ್ನುವ ಆರೋಪ ಬಂತು. ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನು ಮತ್ತೆ ಪರಿಶೀಲಿಸಲು ಆಯೋಗ ಹೇಳಿತು. ಟಾರ್ಗೆಟಿಂಗ್‌ಗೆ ಬೇಕಾದ ಕಚ್ಚಾ ಮಾಲು ಶುರುವಾಗುವುದು ಹೀಗೆ, ಗೇಟಿನ ಹತ್ತಿರ ನಿಂತು ಕೇಳುವ ನಾಲ್ಕು ಪ್ರಶ್ನೆಯಿಂದ.

ಕೇಂಬ್ರಿಡ್ಜ್ ಅನಾಲಿಟಿಕಾ ಪ್ರಕರಣದಲ್ಲಿ ಭಾರತೀಯರೂ ಇದ್ದರಾ?

ಇದ್ದರು. ಒಂದು ಆ್ಯಪ್ ಮೂಲಕ ಫೇಸ್‌ಬುಕ್ ಬಳಕೆದಾರರ ಡೇಟಾ ಕೇಂಬ್ರಿಡ್ಜ್ ಅನಾಲಿಟಿಕಾ ಅನ್ನುವ ರಾಜಕೀಯ ಪ್ರಚಾರದ ಸಲಹಾ ಕಂಪನಿಯ ಕೈಸೇರಿದ ಪ್ರಕರಣ ಅದು. ಫೇಸ್‌ಬುಕ್ 2018ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಜನ. ಅವರ ಗೆಳೆಯರ ಬಳಗದ ಮೂಲಕ ಡೇಟಾ ಹೋಗಿರಬಹುದಾದವರು ಸೇರಿ ಒಟ್ಟು 5.62 ಲಕ್ಷ.

ಹೊಸ ಡೇಟಾ ಕಾಯ್ದೆ ನಮ್ಮನ್ನು ಕಾಪಾಡುತ್ತಾ?

ಸ್ವಲ್ಪ ಮಟ್ಟಿಗೆ. 2023ರ ಡೇಟಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳ ಗಡುವು, ಅಂದರೆ 2027ರ ಮೇ. ಒಪ್ಪಿಗೆ ಪಡೆಯಬೇಕು, ಯಾವ ಕೆಲಸಕ್ಕೆ ಅಂತ ಹೇಳಬೇಕು, ಒಪ್ಪಿಗೆ ವಾಪಸ್ ತಗೊಳ್ಳಲು ಬಿಡಬೇಕು. 18 ತುಂಬದವರಿಗೆ ಟಾರ್ಗೆಟೆಡ್ ಜಾಹೀರಾತು ತೋರಿಸುವಂತಿಲ್ಲ. ಅತಿ ಹೆಚ್ಚಿನ ದಂಡ 250 ಕೋಟಿ ರೂಪಾಯಿ.

ಬೇಸರದ ವಿಷಯವೆಂದರೆ ಜಾತಿ, ಧರ್ಮ, ರಾಜಕೀಯ ಒಲವಿಗೆ ಇದರಲ್ಲಿ ವಿಶೇಷ ರಕ್ಷಣೆ ಇಲ್ಲ. ನಿಮ್ಮ ಜಾತಿಯೂ ಒಂದೇ, ನಿಮ್ಮ ಶೂ ಸೈಜೂ ಒಂದೇ. ನೀವೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಯಂತೂ ಕಾಯ್ದೆಯ ಹೊರಗೆ.

ವಾಟ್ಸಾಪ್ ಮೆಸೇಜ್ ಜಾಹೀರಾತಾ?

ಗ್ರೂಪಿನಲ್ಲಿ ಮಾವ ಫಾರ್ವರ್ಡ್ ಮಾಡುವುದು ಜಾಹೀರಾತಲ್ಲ. ಆದರೆ ಸರ್ಕಾರ, ಪಕ್ಷ ಸಾಮೂಹಿಕವಾಗಿ ಕಳಿಸುವುದರ ಕಥೆ ಬೇರೆ. 2024ರ ಮಾರ್ಚ್‌ನಲ್ಲಿ, ಚುನಾವಣಾ ನೀತಿ ಸಂಹಿತೆ ಜಾರಿಯಾದ ಮೇಲೂ ಬರುತ್ತಿದ್ದ ಕೇಂದ್ರ ಸರ್ಕಾರದ ವಿಕಸಿತ ಭಾರತ ಸಂದೇಶಗಳನ್ನು ನಿಲ್ಲಿಸಲು ಆಯೋಗ ಐಟಿ ಸಚಿವಾಲಯಕ್ಕೆ ಹೇಳಿತು. ನೀತಿ ಸಂಹಿತೆಗೆ ಮೊದಲೇ ಕಳಿಸಿದ್ದು, ನೆಟ್‌ವರ್ಕ್ ಕಾರಣದಿಂದ ಕೆಲವು ತಡವಾಗಿರಬಹುದು ಅನ್ನುವುದು ಸಚಿವಾಲಯದ ವಿವರಣೆಯಾಗಿತ್ತು.

ಎಐ ವಿಡಿಯೊ ಬಳಸಿದ ಜಾಹೀರಾತು?

ಲೇಬಲ್ ಬೇಕು. ಆಯೋಗದ 2025ರ ಅಕ್ಟೋಬರ್‌ನ ಸೂಚನೆ ಪ್ರಕಾರ ಆ ಲೇಬಲ್ ಕಾಣುವ ಜಾಗದ ಕನಿಷ್ಠ ಶೇ 10ರಷ್ಟಿರಬೇಕು. ನಕಲಿ ವಿಡಿಯೊ ಗಮನಕ್ಕೆ ಬಂದರೆ ಪಕ್ಷಗಳು 3 ಗಂಟೆಯೊಳಗೆ ತೆಗೆಯಬೇಕು.

ನಾನು ದುಬೈನಲ್ಲಿದ್ದೇನೆ. ಊರಿನ ಅಭ್ಯರ್ಥಿಗೆ ಇಲ್ಲಿಂದಲೇ ಜಾಹೀರಾತು ಕೊಡಬಹುದಾ?

ಭಾರತದ ರಾಜಕೀಯ ಜಾಹೀರಾತಿಗೆ ಕಂಪನಿಗಳು ಭಾರತದ ಗುರುತಿನ ಚೀಟಿ, ವಿಳಾಸ ಪರಿಶೀಲಿಸುತ್ತವೆ. ಅಲ್ಲಿಗೇ ಬಾಗಿಲು ಹೆಚ್ಚುಕಡಿಮೆ ಮುಚ್ಚುತ್ತದೆ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದಿದ್ದರೆ ಮೇಲೆ ಹೇಳಿದ 176ನೇ ಸೆಕ್ಷನ್ ಬೇರೆ ಇದೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಪಕ್ಷಕ್ಕೆ ದೇಣಿಗೆ ಕೊಡಬಹುದು. ಅಮೆರಿಕದ್ದೋ ಬ್ರಿಟನ್‌ದೋ ಪೌರತ್ವ ತಗೊಂಡಿದ್ದರೆ, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿಗೆ ನೀವು ವಿದೇಶಿ ಮೂಲ, ದೇಣಿಗೆ ಕೊಡುವಂತಿಲ್ಲ.

ತಪ್ಪು ಜಾಹೀರಾತು ಕಂಡರೆ ಎಲ್ಲಿ ದೂರು ಕೊಡಬೇಕು?

ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದ್ದಾಗ 1950ಕ್ಕೆ ಫೋನ್ ಮಾಡಬಹುದು. ಆಯೋಗದ ದೂರಿನ ಆ್ಯಪ್ ಸಿ-ವಿಜಿಲ್ 100 ನಿಮಿಷದಲ್ಲಿ ಕ್ರಮ ಅನ್ನುತ್ತದೆ. ಆದರೆ ಅದು ಸ್ಥಳದಲ್ಲೇ ತೆಗೆದ ಫೋಟೊ, ವಿಡಿಯೊಗೆ ಮಾಡಿದ್ದು, ರಸ್ತೆಯಲ್ಲಿ ಸೀರೆ ಹಂಚುವುದನ್ನು ಹಿಡಿಯಲು ಸರಿ. ಆನ್‌ಲೈನ್ ಜಾಹೀರಾತಿಗೆ ಜಿಲ್ಲಾ ಚುನಾವಣಾಧಿಕಾರಿಗಳ ಕಚೇರಿಯ ಎಂಸಿಎಂಸಿಗೆ ಅಥವಾ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಬರೆಯುವುದು ಮೇಲು.

ಬರೆಯುವಾಗ ಜಾಹೀರಾತಿನ ಲಿಂಕ್, ಆ್ಯಡ್ ಲೈಬ್ರರಿಯಲ್ಲಿ ಕಾಣುವ ಐಡಿ ಸಂಖ್ಯೆ, ಹಣ ಕೊಟ್ಟವರ ಹೆಸರು, ನಿಮಗೆ ಕಂಡ ದಿನ ಮತ್ತು ಗಂಟೆ, ನಿಮ್ಮ ಕ್ಷೇತ್ರ, ಇಷ್ಟೂ ಹಾಕಿ. ಜಾಹೀರಾತಿನ ಮೇಲಿನ ಮೂರು ಚುಕ್ಕೆ ಒತ್ತಿದರೆ "ಇದು ನನಗೇಕೆ ಕಾಣುತ್ತಿದೆ" ಅನ್ನುವ ಆಯ್ಕೆ ಬರುತ್ತದೆ, ಅದರ ಸ್ಕ್ರೀನ್‌ಶಾಟ್ ಕೂಡ ಸೇರಿಸಿ. ಯಾರೂ ಕೇಳದ ನಾಲ್ಕನೇ ಪ್ರಶ್ನೆಗೆ ಸಿಗುವ ಅರೆಬರೆ ಉತ್ತರ ಅದೊಂದೇ.

ನಾನು ಒಮ್ಮೆ ಬರೀ ಜಾಹೀರಾತಿನ ಸ್ಕ್ರೀನ್‌ಶಾಟ್ ಕಳಿಸಿದ್ದೆ, ಮೌನದ 48 ಗಂಟೆಯಲ್ಲಿ ಬಂದ ಜಾಹೀರಾತು. "ಲಿಂಕ್ ಒದಗಿಸಿ" ಅಂತ ಉತ್ತರ ಬಂತು, ಮತದಾನ ಮುಗಿದ ನಾಲ್ಕನೇ ದಿನ. ಆಮೇಲೆ ಲೈಬ್ರರಿಯಲ್ಲಿ ಹುಡುಕಿದರೆ ಜಾಹೀರಾತು ಅಲ್ಲೇ ಇತ್ತು. ರಾಜಕೀಯ ಜಾಹೀರಾತುಗಳನ್ನು ಅಲ್ಲಿ 7 ವರ್ಷ ಇಡುತ್ತಾರೆ.